ಮೋಡಕ್ಕೆ ಬಿತ್ತನೆ, ಹೊಲಕ್ಕೆ ತೊಗರಿ

ಮಳೆ ಕೈಕೊಟ್ಟ ವರ್ಷ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುರ್ಜಿ ಆಡುವ ರೂಢಿ ಹಳೆಯದು. ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನು ಕೂಡಿಸಿ, ಅದನ್ನು ತಲೆಯ ಮೇಲೆ ಹೊತ್ತವರು ಮನೆಮನೆಗೆ ತಿರುಗುತ್ತಾರೆ. ಮನೆಯವರು ಅದರ ಮೇಲೆ ನೀರು ಸುರಿದು ಕಾಳುಕಡಿ ನೀಡುತ್ತಾರೆ. ಮೇಲಿನಿಂದ ಬರಬೇಕಾದ ನೀರನ್ನು ಕೆಳಗಿನವರೇ ಸುರಿದು ತೋರಿಸುವ ಆಚರಣೆ ಇದು. ವಿಮಾನ ಹತ್ತಿ ಮೋಡಕ್ಕೆ ಉಪ್ಪು ಎರಚುವ ವಿಜ್ಞಾನಿಯ ಆಸೆಯೂ ಬೇರೆಯದಲ್ಲ.

ಕಲಬುರಗಿಗೆ ಈ ಆಸೆ ಏಕೆಂದು ಭೂಪಟವೇ ಹೇಳುತ್ತದೆ. ಪಶ್ಚಿಮಘಟ್ಟದ ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿ.ಮೀ. ಮಳೆ; ಘಟ್ಟದ ಮಳೆ ನೆರಳಿನಲ್ಲಿರುವ ಕಲಬುರಗಿಯಲ್ಲಿ 750ರ ಆಸುಪಾಸು. ಜಿಲ್ಲೆಯ ತೊಗರಿ ಬಹುಪಾಲು ಈ ಮಳೆಯನ್ನೂ ಕಪ್ಪು ಮಣ್ಣು ಹಿಡಿದಿಟ್ಟ ತೇವವನ್ನೂ ನಂಬಿದ ಬೆಳೆ. ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಿ, ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆ ಒಂದೂವರೆ ವರ್ಷ ನೀರು ಕುಡಿದು ಗೊನೆ ಕೊಡುತ್ತದೆ.

ಮೋಡ ಬಿತ್ತನೆಯ ಕಥೆ ಆರಂಭವಾದದ್ದು ಅಮೆರಿಕದಲ್ಲಿ, 1946ರಲ್ಲಿ. ವಿನ್ಸೆಂಟ್ ಷೇಫರ್ ಶೀತಪೆಟ್ಟಿಗೆಯೊಂದರ ಆವಿಗೆ ಒಣ ಮಂಜುಗಡ್ಡೆ ಹಾಕಿದಾಗ ಅದು ಕ್ಷಣದಲ್ಲಿ ಹಿಮಹರಳಾಯಿತು. ಅದೇ ವರ್ಷ ಬರ್ನಾರ್ಡ್ ವಾನೆಗಟ್ ಸಿಲ್ವರ್ ಅಯೊಡೈಡ್‌ಗೂ ಆ ಗುಣವಿದೆಯೆಂದು ಕಂಡುಕೊಂಡರು. ತಂಪು ಮೋಡಕ್ಕೆ ಇದು. ಬೆಚ್ಚಗಿನ ಮೋಡಕ್ಕೆ ಉಪ್ಪಿನ ಕಣ. ಕಣದ ಸುತ್ತ ಹನಿ ದಪ್ಪವಾಗಿ, ಭಾರ ತಾಳದೆ ಕೆಳಗಿಳಿಯುತ್ತದೆ. ಆದರೆ ಬಿತ್ತಲು ಮೋಡವೇ ಬೇಕು. ಬರಗಾಲದ ಬರಿದು ಆಕಾಶದಲ್ಲಿ ಈ ವಿದ್ಯೆಗೆ ಕೆಲಸವಿಲ್ಲ. ಪ್ರಚಾರದ ಗದ್ದಲದಲ್ಲಿ ಹೆಚ್ಚಾಗಿ ಮರೆಯಾಗುವುದು ಇದೇ ಸಂಗತಿ.

ಭಾರತದಲ್ಲಿ 1973ರಿಂದ 1986ರವರೆಗೆ ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ಬಾರಾಮತಿಯಲ್ಲಿ ಉಪ್ಪು ಬಿತ್ತಿ, ಶೇ 24ರಷ್ಟು ಮಳೆ ಹೆಚ್ಚಿತೆಂದು ವರದಿ ಮಾಡಿದರು. ಕರ್ನಾಟಕದ ಸರದಿ ಬಂದದ್ದು 2003ರ ಬರದಲ್ಲಿ, 'ವರುಣ' ಯೋಜನೆಯೊಂದಿಗೆ. ಆಗ ಸಚಿವರಾಗಿದ್ದ ಎಚ್.ಕೆ. ಪಾಟೀಲರೇ 2017ರಲ್ಲಿ 'ವರ್ಷಧಾರಿ'ಯನ್ನೂ ಮುನ್ನಡೆಸಿದರು. ಆ ಆಗಸ್ಟ್ 21ರಂದು ಬೆಂಗಳೂರಿನ ಜಕ್ಕೂರಿನಿಂದ ವಿಮಾನ ಏರಿತು. ಮೋಡಗಳನ್ನು ಹುಡುಕಲು ಸುರಪುರದಲ್ಲೂ ರೇಡಾರ್ ನಿಂತಿತು. ಸುಮಾರು ಶೇ 28ರಷ್ಟು ಹೆಚ್ಚುವರಿ ಮಳೆಯೆಂದು ಮೌಲ್ಯಮಾಪನ ಹೇಳಿತು. ವಿಚಿತ್ರವೆಂದರೆ, ವಿಮಾನ ಏರುವ ವಾರದ ಮುಂಚೆಯೇ ಬೆಂಗಳೂರು ಭಾರಿ ಮಳೆಯಲ್ಲಿ ನೆನೆದಿತ್ತು. ತಾನಾಗಿ ಸುರಿಯುವ ಮಳೆಯಲ್ಲಿ ಸರ್ಕಾರದ ಪಾಲು ಎಷ್ಟೆಂದು ಬೇರ್ಪಡಿಸುವುದು ಹಾಲಿನಿಂದ ನೀರು ತೆಗೆದಂತೆ.

ಬೇರ್ಪಡಿಸುವ ದಾರಿ ಒಂದೇ: ಸಮಾನ ಮೋಡಗಳಲ್ಲಿ ಚೀಟಿ ಎತ್ತಿದಂತೆ ಕೆಲವನ್ನು ಬಿತ್ತಿ, ಉಳಿದವನ್ನು ಹಾಗೇ ಬಿಟ್ಟು ಹೋಲಿಸುವುದು. ಕಲಬುರಗಿಗೆ ರೈಲಿನಲ್ಲಿ ಎರಡು ಗಂಟೆಯ ಹಾದಿಯಲ್ಲಿರುವ, ಕನ್ನಡಿಗರು ಬಹಳವಿರುವ ಸೊಲ್ಲಾಪುರದಲ್ಲಿ ಪುಣೆಯ ಅದೇ ಸಂಸ್ಥೆ ಈ ಕೆಲಸ ಮಾಡಿತು. ಒಂದು ವಿಮಾನ ಬಿತ್ತಲು, ಇನ್ನೊಂದು ಅಳೆಯಲು. ಒಟ್ಟು 276 ಮೋಡಗಳ ಲೆಕ್ಕ 2023ರಲ್ಲಿ ಹೊರಬಂತು: ಗಾಳಿ ಬೀಸುವ ದಿಕ್ಕಿನ 100 ಚದರ ಕಿ.ಮೀ. ಪ್ರದೇಶದಲ್ಲಿ ಸರಾಸರಿ ಶೇ 18ರಷ್ಟು ಹೆಚ್ಚು ಮಳೆ. ಸೊಲ್ಲಾಪುರದ ಮೋಡಗಳೂ ಕಲಬುರಗಿಯವೂ ಒಂದೇ ಮಳೆ ನೆರಳಿನವಾದ್ದರಿಂದ ಈ ಅಂಕಿಗೆ ಇಲ್ಲಿ ಬೆಲೆಯಿದೆ. ಸಣ್ಣದಾದರೂ ನಂಬಬಹುದಾದ ಅಂಕಿ.

ಇಷ್ಟಾದರೂ ಕಾಲದ ಪ್ರಶ್ನೆ ಉಳಿಯುತ್ತದೆ. ಜೂನ್ ಜುಲೈನಲ್ಲಿ ಬಿತ್ತಿದ ತೊಗರಿಗೆ ಆಗಸ್ಟ್‌ನ ಒಣಹವೆಯಲ್ಲಿ ಒಂದು ಮಳೆ ಸಿಕ್ಕರೆ ಬಂಗಾರ. ಹೂ ಬಿಡುವ ಹೊತ್ತಿಗೆ ಮೋಡ ಮುಸುಕಿದರೆ ಹೂ ಉದುರುತ್ತದೆ, ಕಾಯಿಕೊರಕ ಹುಳು ಹೆಚ್ಚುತ್ತದೆ. ಅದೇ ದಿನಗಳಲ್ಲಿ ಕಮಲಾಪುರದ ಬಾಳೆ ತೋಟ ಮಾತ್ರ ನೀರಿಗೆ ಕಾದಿರುತ್ತದೆ. ಕಟಾವಿಗೆ ಬಂದ ತೊಗರಿಯ ಮೇಲೆ ಡಿಸೆಂಬರ್‌ನಲ್ಲಿ ಬೀಳುವ ಮಳೆಯನ್ನಂತೂ ಹೊಲದವರು ಯಾರೂ ಬೇಡುವುದಿಲ್ಲ.