ಉದ್ರಿ ಮೇಲೆ ಬೆಳೆದ ಅಂಗಡಿ

ಹಳ್ಳಿಯ ಕಿರಾಣಿ ಅಂಗಡಿಯ ಲೆಕ್ಕ ನಮಗೆಲ್ಲ ಗೊತ್ತು. ಪೇಟೆಯ ಸಗಟು ವ್ಯಾಪಾರಿಗೆ ದುಡ್ಡು ಎಣಿಸಿ ಮಾಲು ತರಬೇಕು, ಊರಿನವರಿಗೆ ಉದ್ರಿ ಕೊಡಬೇಕು. ಸುಗ್ಗಿ ಮುಗಿದ ಮೇಲೋ, ಡೈರಿಯ ಹಾಲಿನ ದುಡ್ಡು ಬಂದ ಮೇಲೋ ಉದ್ರಿ ಪುಸ್ತಕದಲ್ಲಿ ಒಂದೊಂದೇ ಹೆಸರಿಗೆ ಗೆರೆ ಎಳೆಯಬೇಕು. ಅಂಗಡಿಯವರ ಬಂಡವಾಳ ಸದಾ ಬೇರೆಯವರ ಕೈಯಲ್ಲೇ ಇರುತ್ತದೆ.

ಅಮೆಜಾನ್ ಈ ಲೆಕ್ಕವನ್ನು ತಿರುಗಿಸಿ ಹಾಕಿತು. ಅಲ್ಲಿ ಗಿರಾಕಿ ಮೊದಲೇ ದುಡ್ಡು ಕೊಡುತ್ತಾನೆ, ಮಾಲು ಕೊಟ್ಟವನು ಕಾಯುತ್ತಾನೆ. ‘ಅಗ್ಗಕ್ಕೆ ಮಾರ್ತಾರೆ, ಅದಕ್ಕೇ ಗೆದ್ರು’ ಎಂಬ ಮಾತನ್ನು ವರದಿಗೆ ಹೋದ ಕಡೆಯಲ್ಲೆಲ್ಲ ಕೇಳಿದ್ದೇವೆ. ಅದು ಅರ್ಧ ಮಾತ್ರ ನಿಜ. ಅಗ್ಗಕ್ಕೆ ಮಾರಿ ಬಾಗಿಲು ಹಾಕಿದವರು ಬೇಕಾದಷ್ಟು ಮಂದಿ ಇದ್ದಾರೆ. ಇವರು ಯಾಕೆ ಹಾಕಲಿಲ್ಲ ಎಂದು ತಿಳಿಯಲು ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

1994ರಲ್ಲಿ ಜೆಫ್ ಬೆಜೋಸ್ ನ್ಯೂಯಾರ್ಕಿನ ಒಂದು ಹಣಕಾಸು ಕಂಪನಿಯ ಕೆಲಸ ಬಿಟ್ಟು ಅಮೆರಿಕದ ಇನ್ನೊಂದು ತುದಿಯಲ್ಲಿರುವ ವಾಷಿಂಗ್ಟನ್ ರಾಜ್ಯಕ್ಕೆ ಬಂದರು. ಆಗ ವಯಸ್ಸು ಮೂವತ್ತು. ಸಿಯಾಟಲ್ ನಗರದ ಪಕ್ಕದ ಬೆಲ್‌ವ್ಯೂನಲ್ಲಿ ಬಾಡಿಗೆ ಮನೆ, ಅದರ ಗ್ಯಾರೇಜಿನಲ್ಲಿ ಕಚೇರಿ. ಗ್ಯಾರೇಜಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ರಾಜ್ಯದ ಆಯ್ಕೆ. ಒಂದು ರಾಜ್ಯದಲ್ಲಿ ಅಂಗಡಿಯೋ ಗೋದಾಮೋ ಇಲ್ಲದ ಕಂಪನಿ ಅಲ್ಲಿನ ಗಿರಾಕಿಯಿಂದ ಮಾರಾಟ ತೆರಿಗೆ ವಸೂಲಿ ಮಾಡಿ ಕಟ್ಟಬೇಕಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತ್ತು. ಹಾಗಾದರೆ ಜನ ಕಡಿಮೆ ಇರುವ ರಾಜ್ಯದಲ್ಲಿ ಕೂತರೆ ಉಳಿದ ರಾಜ್ಯಗಳ ಗಿರಾಕಿಗಳಿಗೆಲ್ಲ ತೆರಿಗೆಯಿಲ್ಲದೆ ಮಾರಬಹುದು! ಬೀದಿಯಲ್ಲಿ ಅಂಗಡಿ ಇಟ್ಟವನು ತೆರಿಗೆ ಸೇರಿಸಿ ಬಿಲ್ ಹಾಕುವಾಗ ಇವರ ಬಿಲ್ಲಿನಲ್ಲಿ ಅದು ಇರಲಿಲ್ಲ. ಪುಸ್ತಕದ ದೊಡ್ಡ ಸಗಟುದಾರರ ಗೋದಾಮು ಪಕ್ಕದ ಆರೆಗಾನ್ ರಾಜ್ಯದಲ್ಲೇ ಇದ್ದದ್ದು ಇನ್ನೊಂದು ಅನುಕೂಲ.

ಪುಸ್ತಕವೇ ಯಾಕೆ? ಮುರಿಯುವುದಿಲ್ಲ, ಕೊಳೆಯುವುದಿಲ್ಲ, ಎಲ್ಲಿ ಕೊಂಡರೂ ಅದೇ ಪುಸ್ತಕ. ಜೊತೆಗೆ ಜಗತ್ತಿನಲ್ಲಿ ಲಕ್ಷಗಟ್ಟಲೆ ಪುಸ್ತಕಗಳಿವೆ, ಯಾವ ಅಂಗಡಿಯ ಕಪಾಟಿಗೂ ಅಷ್ಟು ಹಿಡಿಸುವುದಿಲ್ಲ. ಕಂಪ್ಯೂಟರಿನ ಪಟ್ಟಿಗೆ ಹಿಡಿಸುತ್ತದೆ.

1995ರ ಜುಲೈನಲ್ಲಿ ಅಂಗಡಿ ತೆರೆಯಿತು. ಆ ದಿನಗಳ ಒಂದು ತಮಾಷೆಯನ್ನು ಬೆಜೋಸ್ ತಾವೇ ಹೇಳಿಕೊಂಡಿದ್ದಾರೆ. ಸಗಟುದಾರರು ಒಮ್ಮೆಗೆ ಹತ್ತು ಪುಸ್ತಕಕ್ಕಿಂತ ಕಡಿಮೆ ಆರ್ಡರ್ ತೆಗೆದುಕೊಳ್ಳುತ್ತಿರಲಿಲ್ಲ. ಇವರಿಗೆ ಬೇಕಿದ್ದದ್ದು ಒಂದು. ಹತ್ತು ‘ಆರ್ಡರ್’ ಮಾಡಬೇಕೆಂಬ ನಿಯಮವೇ ಹೊರತು ಹತ್ತೂ ಕೈಗೆ ಬರಲೇಬೇಕೆಂಬ ನಿಯಮವಿಲ್ಲ ಎಂಬುದನ್ನು ಇವರು ಕಂಡುಕೊಂಡರು. ಸಗಟುದಾರರ ಪಟ್ಟಿಯಲ್ಲಿದ್ದು ಗೋದಾಮಿನಲ್ಲಿ ಎಂದೂ ಸಿಗದ ಒಂದು ಪುಸ್ತಕ ಇತ್ತು, ಕಲ್ಲುಹೂವಿನ ಬಗ್ಗೆ ಬರೆದದ್ದು. ಹೌದು, ನಾವು ಮಸಾಲೆಗೆ ಹುರಿದು ಹಾಕುವ ಕಲ್ಲುಹೂವಿನ ಜಾತಿಯದೇ. ಬೇಕಾದ ಪುಸ್ತಕ ಒಂದು, ಕಲ್ಲುಹೂವಿನ ಪುಸ್ತಕ ಒಂಬತ್ತು ಎಂದು ಆರ್ಡರ್ ಹಾಕುತ್ತಿದ್ದರು. ಒಂದು ಬರುತ್ತಿತ್ತು, ಒಂಬತ್ತಕ್ಕೆ ‘ಸ್ಟಾಕ್ ಇಲ್ಲ, ಕ್ಷಮಿಸಿ’ ಎಂಬ ಚೀಟಿ ಬರುತ್ತಿತ್ತು.

ತಮಾಷೆಯ ಹಿಂದೆ ಇರುವ ಲೆಕ್ಕ ನೋಡಿ. ಗೋದಾಮಿನಲ್ಲಿ ಮಾಲು ತುಂಬಿಟ್ಟು ಅದರಲ್ಲಿ ಬಂಡವಾಳ ಸಿಕ್ಕಿಹಾಕಿಕೊಳ್ಳಲು ಅವರು ಬಿಡಲಿಲ್ಲ. ಗಿರಾಕಿಯ ಕಾರ್ಡಿನಿಂದ ಹಣ ಕೆಲವೇ ದಿನಗಳಲ್ಲಿ ಬರುತ್ತಿತ್ತು, ಸಗಟುದಾರರಿಗೆ ಕೊಡಬೇಕಾದದ್ದು ವಾರಗಳ ನಂತರ. ಆ ನಡುವಿನ ದಿನಗಳಲ್ಲಿ ಹಣ ಅಮೆಜಾನಿನ ಕೈಯಲ್ಲಿ, ಬಡ್ಡಿಯಿಲ್ಲದೆ. ವ್ಯಾಪಾರ ಹೆಚ್ಚಿದಷ್ಟೂ ಈ ಹಣವೂ ಹೆಚ್ಚುತ್ತದೆ. ಕಿರಾಣಿ ಅಂಗಡಿ ಉದ್ರಿ ಕೊಟ್ಟು ಬದುಕಿದರೆ ಇದು ಉದ್ರಿ ಪಡೆದು ಬೆಳೆಯಿತು.

ಅಷ್ಟರಿಂದಲೇ ಗೆದ್ದರು ಎಂದರೆ ಸುಳ್ಳಾಗುತ್ತದೆ. 2000ದ ಇಸವಿಯೊಂದರಲ್ಲೇ 140 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು. 1999ರ ಕೊನೆಗೆ 100 ಡಾಲರ್ ದಾಟಿದ್ದ ಷೇರು 2001ರಲ್ಲಿ 6 ಡಾಲರ್‌ಗಿಂತ ಕೆಳಗಿಳಿಯಿತು. ಸಾಕುಪ್ರಾಣಿಗಳ ಆಹಾರ ಮಾರುತ್ತಿದ್ದ ಪೆಟ್ಸ್ ಡಾಟ್ ಕಾಮ್, ದಿನಸಿ ಮಾರುತ್ತಿದ್ದ ವೆಬ್‌ವ್ಯಾನ್ ಅದೇ ಹೊತ್ತಿನಲ್ಲಿ ಮುಳುಗಿದವು. ಅಮೆಜಾನ್ ಉಳಿಯಲು ಒಂದು ಕಾರಣ, 2000ದ ಫೆಬ್ರುವರಿಯಲ್ಲಿ, ಪೇಟೆ ಕುಸಿಯುವ ಮುಂಚಿನ ತಿಂಗಳು, ಯುರೋಪಿನಲ್ಲಿ ಸಾಲಪತ್ರ ಮಾರಿ 69 ಕೋಟಿ ಯುರೋ ಎತ್ತಿಟ್ಟುಕೊಂಡದ್ದು. ಒಂದೆರಡು ತಿಂಗಳು ತಡವಾಗಿದ್ದರೆ ಯಾರು ಸಾಲ ಕೊಡುತ್ತಿದ್ದರೋ! ವ್ಯಾಪಾರ ನೀತಿಯ ಪುಸ್ತಕಗಳು ಇಂಥ ಅದೃಷ್ಟವನ್ನು ಬುದ್ಧಿವಂತಿಕೆಯ ಖಾತೆಗೆ ಬರೆದುಬಿಡುತ್ತವೆ. ವರ್ಷವಿಡೀ ಲಾಭ ಎಂದು ಮೊದಲು ಕಂಡದ್ದು 2003ರಲ್ಲಿ.

ಆ ಕಷ್ಟದ ವರ್ಷದಲ್ಲೇ, 2000ದಲ್ಲಿ, ಅವರು ತಮ್ಮ ಅಂಗಡಿಯೊಳಗೆ ಬೇರೆ ವ್ಯಾಪಾರಿಗಳನ್ನೂ ಕೂರಿಸಿಕೊಂಡರು. ತಾವು ಮಾರುವ ಪುಸ್ತಕದ ಪುಟದಲ್ಲೇ ಇನ್ನೊಬ್ಬನೂ ತನ್ನ ಬೆಲೆ ಹಾಕಬಹುದು. ಹುಚ್ಚು ಕೆಲಸದಂತೆ ಕಂಡಿತು. ಆದರೆ 1999ರಲ್ಲಿ ಹೊರಗಿನ ವ್ಯಾಪಾರಿಗಳ ಪಾಲು ಒಟ್ಟು ಮಾರಾಟದಲ್ಲಿ ನೂರಕ್ಕೆ 3 ಇದ್ದದ್ದು 2018ಕ್ಕೆ 58 ಆಯಿತು. ಮಾಲು ಅವರದು, ನಷ್ಟದ ಭಯ ಅವರದು, ಕಮಿಷನ್ ಅಮೆಜಾನಿನದು. ಗೋದಾಮಿನ ಬಾಡಿಗೆ, ಸಾಗಾಟದ ಶುಲ್ಕ, ಪಟ್ಟಿಯಲ್ಲಿ ಮೇಲೆ ಕಾಣಿಸಲು ಜಾಹೀರಾತಿನ ದುಡ್ಡು ಬೇರೆ.

2005ರಲ್ಲಿ ಪ್ರೈಮ್ ಬಂತು. ವರ್ಷಕ್ಕೆ 79 ಡಾಲರ್ ಕಟ್ಟಿದರೆ ಎರಡು ದಿನದಲ್ಲಿ ಪಾರ್ಸೆಲ್, ಸಾಗಾಟ ಪುಕ್ಕಟೆ. ಒಮ್ಮೆ ದುಡ್ಡು ಕಟ್ಟಿದವರು ಬೇರೆ ಅಂಗಡಿಯ ಕಡೆ ನೋಡುವುದೇ ಕಡಿಮೆಯಾಯಿತು. 2006ರಲ್ಲಿ ತಮ್ಮ ಕಂಪ್ಯೂಟರ್ ವ್ಯವಸ್ಥೆಯನ್ನೇ ಬೇರೆ ಕಂಪನಿಗಳಿಗೆ ಬಾಡಿಗೆಗೆ ಕೊಡಲು ಶುರು ಮಾಡಿದರು. 2023ರಲ್ಲಿ ಕಂಪನಿಯ ವ್ಯವಹಾರದ ಲಾಭ ಸುಮಾರು 3,690 ಕೋಟಿ ಡಾಲರ್. ಅದರಲ್ಲಿ 2,460 ಕೋಟಿ ಬಂದದ್ದು ಈ ಕಂಪ್ಯೂಟರ್ ಬಾಡಿಗೆಯಿಂದ. ಅಂಗಡಿ ಎಂದು ನಾವು ಕರೆಯುವ ಕಂಪನಿಯ ಮೂರರಲ್ಲಿ ಎರಡು ಪಾಲು ಲಾಭ ಅಂಗಡಿಯದಲ್ಲ.

ಇಂಥ ಬೇರೆ ಆದಾಯವಿದ್ದರೆ ಏನು ಮಾಡಬಹುದು ಎಂಬುದಕ್ಕೆ ಮಕ್ಕಳ ಡಯಾಪರಿನ ಪ್ರಕರಣ ಸಾಕು. ಅಮೆರಿಕದಲ್ಲಿ ಡಯಾಪರ್ಸ್ ಡಾಟ್ ಕಾಮ್ ಎಂಬ ತಾಣ ಚೆನ್ನಾಗಿ ನಡೆಯುತ್ತಿತ್ತು. ಅಮೆಜಾನ್ ಡಯಾಪರ್ ಬೆಲೆಯನ್ನು ಭಾರಿ ಇಳಿಸಿತು. ಎದುರಿನವರಿಗೆ ತಾಳಲು ಆಗಲಿಲ್ಲ. 2010ರಲ್ಲಿ ಆ ಕಂಪನಿಯನ್ನೇ ಸುಮಾರು 54.5 ಕೋಟಿ ಡಾಲರ್‌ಗೆ ಕೊಂಡುಕೊಂಡಿತು, 2017ರಲ್ಲಿ ಮುಚ್ಚಿಬಿಟ್ಟಿತು.

ಇನ್ನು ನಮ್ಮ ಕಡೆಗೆ ಬರೋಣ. ಅಮೆಜಾನಿನ ಬೆಂಗಳೂರು ಕಚೇರಿಯಲ್ಲಿ ಕೆಲಸ ಮಾಡಿದ್ದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ 2007ರಲ್ಲಿ ಬೆಂಗಳೂರಿನಲ್ಲೇ ಫ್ಲಿಪ್‌ಕಾರ್ಟ್ ಶುರು ಮಾಡಿದರು. ಅವರೂ ಪುಸ್ತಕದಿಂದಲೇ ಆರಂಭಿಸಿದರು. ಆದರೆ ಇಲ್ಲಿ ಕಾರ್ಡ್ ಇದ್ದವರು ಕಡಿಮೆ, ಇದ್ದವರಿಗೂ ಕಾಣದ ಅಂಗಡಿಗೆ ಮೊದಲೇ ದುಡ್ಡು ಕೊಡಲು ಭಯ. 2010ರಲ್ಲಿ ಫ್ಲಿಪ್‌ಕಾರ್ಟ್ ‘ಕ್ಯಾಶ್ ಆನ್ ಡೆಲಿವರಿ’ ತಂದಿತು. ಅಂದರೆ ಸಿಯಾಟಲ್‌ನ ಲೆಕ್ಕ ಇಲ್ಲಿ ಮತ್ತೆ ಉಲ್ಟಾ ಆಯಿತು: ಮಾಲು ಮೊದಲು, ದುಡ್ಡು ಆಮೇಲೆ. 2013ರ ಜೂನ್‌ನಲ್ಲಿ ಭಾರತದ ಅಂಗಡಿ ತೆರೆದ ಅಮೆಜಾನ್ ಕೂಡ ಇದಕ್ಕೆ ತಲೆಬಾಗಬೇಕಾಯಿತು. ಕಿರಾಣಿ ಅಂಗಡಿಗಳನ್ನೇ ಪಾರ್ಸೆಲ್ ಇಟ್ಟು ಹಂಚುವ ಜಾಗ ಮಾಡಿಕೊಂಡಿತು. ಊರಿನ ಅಂಗಡಿಯವರಿಗೆ ಪಾರ್ಸೆಲ್‌ಗಿಷ್ಟು ಎಂದು ದುಡ್ಡು ಸಿಕ್ಕಿತು. ತಮ್ಮ ಗಿರಾಕಿಯ ಮನೆಗೆ ಬೇರೆಯವರ ಮಾಲು ತಾವೇ ಹೊತ್ತರು ಎಂಬುದೂ ನಿಜವೇ.

ಹಳ್ಳಿಯವರಿಗೆ ಲಾಭವಾಗಿಲ್ಲ ಎಂದು ನಾವು ಹೇಳುವುದಿಲ್ಲ. ತಾಲ್ಲೂಕು ಪೇಟೆಯಲ್ಲಿ ಸಿಗದ ಪುಸ್ತಕ, ಪಂಪ್‌ಸೆಟ್ಟಿನ ಬಿಡಿಭಾಗ ಮನೆ ಬಾಗಿಲಿಗೆ ಬರುವುದು ಸಣ್ಣ ಸಂಗತಿಯಲ್ಲ.

ಪ್ರಶ್ನೆ ಇರುವುದು ಬೇರೆ ಕಡೆ. ಎಪಿಎಂಸಿ ಮಂಡಿಯನ್ನು ನೆನೆಸಿಕೊಳ್ಳಿ. ಮಂಡಿಯ ಯಜಮಾನನೇ ದಲಾಲಿ, ಅವನೇ ವ್ಯಾಪಾರಿ, ತಕ್ಕಡಿ ಅವನ ಕೈಯಲ್ಲಿ, ಉಳಿದ ವರ್ತಕರ ಲೆಕ್ಕದ ಪುಸ್ತಕವೂ ಅವನ ಬೀರುವಿನಲ್ಲಿ ಎಂದಾದರೆ? ಅಮೆಜಾನ್ ತನ್ನ ತಾಣದ ವ್ಯಾಪಾರಿಗಳ ಗುಟ್ಟಿನ ಮಾಹಿತಿಯನ್ನು ತನ್ನ ಸ್ವಂತ ಮಾರಾಟಕ್ಕೆ ಬಳಸುತ್ತಿದೆ ಎಂಬ ದೂರು ಯುರೋಪಿನಲ್ಲಿ ಎದ್ದಿತು. ಇನ್ನು ಬಳಸುವುದಿಲ್ಲ ಎಂದು 2022ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಆಯೋಗಕ್ಕೆ ಕಂಪನಿ ಒಪ್ಪಿಗೆ ಬರೆದುಕೊಟ್ಟಿತು.

ಭಾರತದ ಕಾನೂನು ವಿದೇಶಿ ಬಂಡವಾಳದ ಇಂಥ ಕಂಪನಿಗೆ ಮಂಡಿ ನಡೆಸಲು ಬಿಡುತ್ತದೆ, ತಾನೇ ಮಾಲು ಇಟ್ಟು ಮಾರಲು ಬಿಡುವುದಿಲ್ಲ. ಆದರೆ ಅಮೆಜಾನ್ ತಾಣದ ದೊಡ್ಡ ಮಾರಾಟಗಾರ ಕ್ಲೌಡ್‌ಟೇಲ್‌ನಲ್ಲಿ ಅಮೆಜಾನಿನದೇ ಪಾಲಿತ್ತು. ಉಳಿದ ಪಾಲು ನಮ್ಮ ಎನ್.ಆರ್. ನಾರಾಯಣಮೂರ್ತಿ ಅವರ ಕ್ಯಾಟಮರಾನ್ ಸಂಸ್ಥೆಯದು. 2019ರ ಫೆಬ್ರುವರಿಯಿಂದ ನಿಯಮ ಬಿಗಿಯಾಯಿತು, 2022ರಲ್ಲಿ ಈ ಜೋಡಿ ವ್ಯವಹಾರ ಮುಗಿಯಿತು.

ಕೆಲವೇ ಮಾರಾಟಗಾರರಿಗೆ ಮಣೆ ಹಾಕುತ್ತಾರೆ, ಭಾರಿ ರಿಯಾಯಿತಿ ಕೊಟ್ಟು ಉಳಿದವರನ್ನು ಮುಗಿಸುತ್ತಾರೆ ಎಂದು ದಿಲ್ಲಿಯ ವ್ಯಾಪಾರಿಗಳ ಮಹಾಸಂಘ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರ ಮೇಲೂ ದೂರು ಕೊಟ್ಟಿತ್ತು. 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿತು. ಕಂಪನಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು, ಫೆಬ್ರುವರಿಯಲ್ಲಿ ತಡೆಯಾಜ್ಞೆ ಸಿಕ್ಕಿತು. ಹದಿನಾರು ತಿಂಗಳ ನಂತರ, 2021ರ ಜೂನ್‌ನಲ್ಲಿ, ಅರ್ಜಿ ವಜಾ ಆಯಿತು. ಜುಲೈನಲ್ಲಿ ವಿಭಾಗೀಯ ಪೀಠವೂ ಮೇಲ್ಮನವಿಯನ್ನು ತಳ್ಳಿಹಾಕಿತು. ತನಿಖೆಯಲ್ಲಿ ತಲೆಹಾಕುವುದಿಲ್ಲ ಎಂದು ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಂದೂವರೆ ವರ್ಷ ಹೀಗೆ ಕಳೆದದ್ದು ತನಿಖೆ ಶುರುವಾಗಬೇಕೋ ಬೇಡವೋ ಎಂಬ ಒಂದೇ ಪ್ರಶ್ನೆಗೆ. ಕೋರ್ಟಿನಲ್ಲಿ ಅಷ್ಟು ದಿನ ಕಾಯುವ ತಾಕತ್ತು ಕಂಪನಿಗೆ ಇತ್ತು. ದೂರು ಕೊಟ್ಟವರಲ್ಲಿ ಎಷ್ಟು ಅಂಗಡಿಗಳಿಗೆ ಇತ್ತು?