ಕಂಚಿನ ಕಂಠಕ್ಕೆ ಹಿಂದಿನ ಸಾಲು

ಪಾಪ್ ಗುಂಪುಗಳ ಮಾತು ಬಂದರೆ ನನ್ನ ಗೆಳೆಯರ ನಡುವೆ ಒಂದು ಜಗಳ ಗ್ಯಾರಂಟಿ: ಇವರಲ್ಲಿ ನಿಜವಾಗಿ ಹಾಡೋಕೆ ಬರೋದು ಯಾರಿಗೆ? ಯಾರ ಶಾರೀರ ಗಟ್ಟಿ, ಯಾರದ್ದು ಪೀಚಲು, ಯಾರು ಬರೀ ಮುಖದ ಬಲದಿಂದ ಮುಂದೆ ನಿಂತಿದ್ದಾರೆ? ಆಗೆಲ್ಲ ನಾನು ಎಳೆದು ತರೋದು ಅಮೆರಿಕದ 'ಸುಪ್ರೀಮ್ಸ್' ಗುಂಪನ್ನು. ಯಾಕಂದ್ರೆ ಅಲ್ಲಿ ಈ ಪ್ರಶ್ನೆ ಬರೀ ಹರಟೆಯಾಗಿ ಉಳಿಯಲಿಲ್ಲ, ಒಬ್ಬಳ ಬದುಕನ್ನೇ ತಿರುಗಿಸಿಬಿಟ್ಟಿತು.

1959ರಲ್ಲಿ ಡೆಟ್ರಾಯ್ಟ್ ನಗರದ ಹದಿಹರೆಯದ ಕಪ್ಪು ಹುಡುಗಿಯರು 'ಪ್ರೈಮೆಟ್ಸ್' ಅಂತ ಒಂದು ಗುಂಪು ಕಟ್ಟಿದರು. 1961ರಲ್ಲಿ ಬೆರ್ರಿ ಗಾರ್ಡಿಯ ಮೋಟೌನ್ ಕಂಪನಿ ಅವರನ್ನು ಸೇರಿಸಿಕೊಂಡಿತು. 'ಸುಪ್ರೀಮ್ಸ್' ಅನ್ನೋ ಹೊಸ ಹೆಸರು ಆರಿಸಿದ್ದು ಫ್ಲಾರೆನ್ಸ್ ಬ್ಯಾಲರ್ಡ್. ಕೊನೆಗೆ ಉಳಿದವರು ಮೂವರು: ಫ್ಲಾರೆನ್ಸ್, ಮೇರಿ ವಿಲ್ಸನ್, ಡಯಾನಾ ರಾಸ್. ಮೊದಮೊದಲು ಮೂವರಿಗೂ ಮುಂದೆ ನಿಂತು ಹಾಡುವ ಅವಕಾಶ ಸಿಗುತ್ತಿತ್ತು. 1961ರ 'ಬಟರ್ಡ್ ಪಾಪ್‌ಕಾರ್ನ್' ಹಾಡಿದ್ದು ಫ್ಲಾರೆನ್ಸ್.

ಬರೀ ಕಂಠವನ್ನೇ ತೂಕಕ್ಕೆ ಹಾಕಿದರೆ ಫ್ಲಾರೆನ್ಸ್‌ದೇ ಮೇಲುಗೈ. ಕಂಚಿನ ಕಂಠ ಅಂತೀವಲ್ಲ, ಅದು. ಚರ್ಚಿನ ಗಾಸ್ಪೆಲ್ ಗಾಯನದ ಕಸುವು ಅದರಲ್ಲಿದೆ. ತೊಂದರೆ ಅಂದ್ರೆ ಅದು ಬೇರೆ ದನಿಗಳ ಒಳಗೆ ಸುಲಭಕ್ಕೆ ಕರಗಲ್ಲ. ರೆಕಾರ್ಡಿಂಗ್‌ನಲ್ಲಿ ಆಕೆಯನ್ನು ಮೈಕ್‌ನಿಂದ ದೂರ ನಿಲ್ಲಿಸುತ್ತಿದ್ದರು ಅನ್ನೋ ಮಾತೂ ಇದೆ. ಮೇರಿಯದು ಮೆತ್ತಗಿನ, ಸ್ವಲ್ಪ ಒರಟು ಬೆರೆತ ದನಿ. ಯಾರ ಜೊತೆಗಾದರೂ ಹೊಂದಿಕೊಳ್ಳುತ್ತೆ, ಅದಕ್ಕೇ ಥಟ್ಟನೆ ಕಿವಿಗೆ ಬೀಳಲ್ಲ. ಡಯಾನಾಳದು ತೆಳು ದನಿ, ಮೂಗಿನಲ್ಲಿ ಹಾಡಿದ ಹಾಗೆ. ಮೇಲಿನ ಸ್ಥಾಯಿಗೆ ಹೋದರೆ ಚುಚ್ಚುತ್ತೆ. ಆದರೆ ಉಚ್ಚಾರ ಎಷ್ಟು ಸ್ಪಷ್ಟ ಅಂದ್ರೆ ಒಂದು ಪದವೂ ತಪ್ಪಿಹೋಗಲ್ಲ.

ಹಾಗಾದರೆ ಡಯಾನಾ ಹೇಗೆ ಮುಂದೆ ಬಂದಳು? ಗಾರ್ಡಿಗೂ ಡಯಾನಾಗೂ ಪ್ರೀತಿಯಿತ್ತು, ಅದಕ್ಕೇ ಅಂತ ಬಹಳ ಜನ ಹೇಳ್ತಾರೆ. ಪ್ರೀತಿಯಿದ್ದದ್ದು ನಿಜ. ಆದರೆ ಅಷ್ಟೇ ಕಾರಣ ಅಂದುಬಿಟ್ಟರೆ ಇತಿಹಾಸ ಗಾಸಿಪ್ ಆಗುತ್ತೆ. ಆಗಿನ ಹುಡುಗರು ಹಾಡು ಕೇಳುತ್ತಿದ್ದದ್ದು ಎಎಂ ರೇಡಿಯೋದಲ್ಲಿ, ಕಾರಿನಲ್ಲಿ, ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲಿ. ಆ ಪುಟ್ಟ ಸ್ಪೀಕರಿನಿಂದ ಕೆಳಸ್ಥಾಯಿಯ ತುಂಬುದನಿ ಹೊರಗೇ ಬರಲ್ಲ. ತೆಳ್ಳಗಿನ, ಚೂಪು ದನಿ ಮಾತ್ರ ಟ್ರಾಫಿಕ್ ಸದ್ದನ್ನು ಸೀಳಿಕೊಂಡು ಕಿವಿ ಮುಟ್ಟುತ್ತೆ. ಮೋಟೌನ್‌ನವರಿಗೆ ಇದು ಗೊತ್ತಿತ್ತು. ಕಾರ್ ರೇಡಿಯೋದಂಥ ಚಿಕ್ಕ ಸ್ಪೀಕರಿನಲ್ಲಿ ಕೇಳಿ ನೋಡಿಯೇ ಹಾಡುಗಳನ್ನು ಪಾಸ್ ಮಾಡುತ್ತಿದ್ದರು.

1964ರಲ್ಲಿ ಇನ್ನೊಂದು ವಿಷಯ ಕೂಡಿಬಂತು. 'ಮಾರ್ವೆಲೆಟ್ಸ್' ಗುಂಪು ಬೇಡ ಅಂದ 'ವೇರ್ ಡಿಡ್ ಅವರ್ ಲವ್ ಗೋ' ಹಾಡು ಸುಪ್ರೀಮ್ಸ್‌ಗೆ ಬಂತು. ಅದರ ಶ್ರುತಿ ಡಯಾನಾ ಮಾಮೂಲಾಗಿ ಹಾಡುವುದಕ್ಕಿಂತ ಕೆಳಗಿತ್ತು. ಕೆಳಗಿಳಿದು ಹಾಡಿದಾಗ ಚುಚ್ಚುವುದು ಹೋಗಿ ಪಿಸುಮಾತಿನ ಸಲಿಗೆ ಬಂತು. ಹಾಡು ನಂಬರ್ ಒನ್ ಆಯಿತು. ಅದೂ ಸೇರಿ ಸಾಲಾಗಿ ಐದು ಹಾಡು ನಂಬರ್ ಒನ್! ದೋಷ ಅಂತ ಬಗೆದಿದ್ದೇ ಸರಿಯಾದ ಶ್ರುತಿಯಲ್ಲಿ ಗುಣವಾಯ್ತು. ಡಯಾನಾಳನ್ನು ಆರಿಸಿದ್ದು ವ್ಯಾಪಾರದ ಲೆಕ್ಕದಲ್ಲಿ ತಪ್ಪೇನಲ್ಲ.

ನನ್ನ ತಕರಾರು ಇರೋದು ಇದರ ಮುಂದೆ. ರೇಡಿಯೋಗೆ ಒಂದು ದನಿ ಹೊಂದುತ್ತೆ, ಸರಿ. ಆದರೆ ವೇದಿಕೆ ಮೇಲೆ ಟ್ರಾನ್ಸಿಸ್ಟರ್ ಎಲ್ಲಿದೆ? ಎಲ್‌ಪಿಯಲ್ಲಿ ಹತ್ತು-ಹನ್ನೆರಡು ಹಾಡಿಗೆ ಜಾಗ ಇರುವಾಗ ಕಂಚಿನ ಕಂಠಕ್ಕೆ ಎರಡು ಕೊಟ್ಟರೆ ಏನು ಗಂಟು ಹೋಗ್ತಿತ್ತು? ಕಾರ್ಯಕ್ರಮಗಳಲ್ಲಿ ಫ್ಲಾರೆನ್ಸ್ ಪಾಲಿಗಿದ್ದ 'ಪೀಪಲ್' ಹಾಡೂ ಡಯಾನಾ ಪಾಲಾಯಿತು. ಒಂದು ಸ್ಪೀಕರಿಗಾಗಿ ಮಾಡಿದ ಆಯ್ಕೆ ಹಾಗೇ ಮನುಷ್ಯರ ಬೆಲೆಪಟ್ಟಿ ಆಗಿಬಿಟ್ಟಿತು. ಫ್ಲಾರೆನ್ಸ್ ಕುಡಿಯತೊಡಗಿದಳು, ಕಾರ್ಯಕ್ರಮಗಳಿಗೆ ತಪ್ಪಿಸಿಕೊಂಡಳು. 1967ರಲ್ಲಿ ಗುಂಪಿನ ಹೆಸರು 'ಡಯಾನಾ ರಾಸ್ ಅಂಡ್ ದ ಸುಪ್ರೀಮ್ಸ್' ಆಯಿತು. ಅದೇ ವರ್ಷ ಫ್ಲಾರೆನ್ಸ್ ಹೊರಗೆ, ಆ ಜಾಗಕ್ಕೆ ಸಿಂಡಿ ಬರ್ಡ್‌ಸಾಂಗ್.

ಉಳಿದವರಿಗಾದರೂ ಬೆಲೆ ಸಿಕ್ಕಿತಾ? 1968ರ 'ಲವ್ ಚೈಲ್ಡ್', 1969ರ 'ಸಮ್‌ಡೇ ವೀ ವಿಲ್ ಬಿ ಟುಗೆದರ್' ಎರಡೂ ಸುಪ್ರೀಮ್ಸ್ ಹೆಸರಲ್ಲೇ ನಂಬರ್ ಒನ್. ಎರಡರಲ್ಲೂ ಮೇರಿ, ಸಿಂಡಿ ಹಾಡಿಲ್ಲ! ಡಯಾನಾ ಹಿಂದೆ ಇರೋದು ಸ್ಟುಡಿಯೋದ ಬೇರೆ ಗಾಯಕಿಯರ ದನಿ. ಯಾರ ಜೊತೆಗೂ ಹೊಂದಿಕೊಳ್ಳುವ ದನಿಯ ಜಾಗಕ್ಕೆ ಯಾರನ್ನು ಬೇಕಾದರೂ ತರಬಹುದು ಅಂದುಕೊಂಡರು ನೋಡಿ. ಮೇರಿಯ ಗುಣ ಮೇರಿಗೇ ಮುಳುವಾಯಿತು.

ಫ್ಲಾರೆನ್ಸ್ ಒಬ್ಬಳೇ ಹಾಡಿದ ಪ್ಲೇಟುಗಳು ಓಡಲಿಲ್ಲ. ಮನೆ ಕೈತಪ್ಪಿತು. ಮೂರು ಹೆಣ್ಣುಮಕ್ಕಳ ತಾಯಿ ಸರ್ಕಾರದ ನೆರವಿನ ಹಣದಲ್ಲಿ ದಿನ ದೂಡಿದಳು. 1976ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಆಕೆಗೆ ಬರೀ 32 ವರ್ಷ.

ಈಗ ನಮ್ಮ ಹತ್ರ ಒಳ್ಳೆ ಹೆಡ್‌ಫೋನ್ ಇವೆ. ಆ ಹಳೇ ಸ್ಪೀಕರಿನ ಹಂಗಿಲ್ಲ. ಆಫೀಸಿಗೆ ಹೋಗುವಾಗ ಮೆಟ್ರೋದಲ್ಲಿ 'ಬಟರ್ಡ್ ಪಾಪ್‌ಕಾರ್ನ್' ಹಾಕಿ ಕೇಳಿ, ಬೆನ್ನಿಗೇ 'ವೇರ್ ಡಿಡ್ ಅವರ್ ಲವ್ ಗೋ' ಕೇಳಿ. ಎರಡನೆಯದರಲ್ಲಿ ಡಯಾನಾಳ ಹಿಂದೆ ಬರುವ ದನಿಗಳ ಕಡೆ ಸ್ವಲ್ಪ ಕಿವಿ ಕೊಡಿ. ಫ್ಲಾರೆನ್ಸ್, ಮೇರಿ ಇಬ್ಬರೂ ಅಲ್ಲೇ ಇದ್ದಾರೆ.