ಕಣ್ಣಿನ ಪೊರೆ: ಹಿರಿಯರ ಭಯಕ್ಕೂ ಒಂದು ಚರಿತ್ರೆಯಿದೆ



ಕಣ್ಣಿಗೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆ ಆಗಬೇಕು ಎಂದು ವೈದ್ಯರು ಹೇಳಿದಾಗ ಮನೆಯ ಹಿರಿಯರು ಸಾಮಾನ್ಯವಾಗಿ ಮೂರು ಮಾತು ಹೇಳುತ್ತಾರೆ. 'ಪೊರೆ ಇನ್ನೂ ಹಣ್ಣಾಗಲಿ.' 'ಆಪರೇಷನ್ ಆದರೆ ದಿನಗಟ್ಟಲೆ ಅಲುಗಾಡದೆ ಮಲಗಬೇಕು.' 'ಆಮೇಲೆ ಸೀಸೆಯ ತಳದಂಥ ದಪ್ಪ ಕನ್ನಡಕವೇ ಗತಿ.' ಇವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಕಾಲದಲ್ಲಿ ಈ ಮೂರೂ ಸತ್ಯವಾಗಿದ್ದವು.

ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಪದರವಲ್ಲ. ಪಾಪೆಯ ಹಿಂದೆ ಸ್ಫಟಿಕದಂಥ ಒಂದು ಮಸೂರವಿದೆ. ವಯಸ್ಸಾದಂತೆ ಅದರೊಳಗಿನ ಪ್ರೋಟೀನುಗಳು ಮುದ್ದೆಗಟ್ಟಿ ಮಸೂರವೇ ಮಸುಕಾಗುತ್ತದೆ. ಯುರೋಪಿನವರು ಬಹುಕಾಲ ಇದನ್ನು ಕಣ್ಣೊಳಗೆ ಇಳಿದುಬರುವ ದ್ರವವೆಂದು ಭಾವಿಸಿದ್ದರು. ಜಲಪಾತವೆಂಬ ಅರ್ಥವೂ ಇರುವ 'ಕ್ಯಾಟರಾಕ್ಟ್' ಎಂಬ ಹೆಸರು ಆ ಭಾವನೆಯ ಕುರುಹು. ಬ್ರಿಸ್ಸೋ ಎಂಬ ಫ್ರೆಂಚ್ ವೈದ್ಯ 1705ರಲ್ಲಿ ಮೃತ ವ್ಯಕ್ತಿಯೊಬ್ಬನ ಕಣ್ಣನ್ನು ಬಿಡಿಸಿ ನೋಡಿ, ಮಸುಕಾದದ್ದು ಮಸೂರವೇ ಎಂದು ತೋರಿಸಿದ.

ಚಿಕಿತ್ಸೆ ಮಾತ್ರ ಇದಕ್ಕಿಂತ ಬಹಳ ಹಳೆಯದು. ನಮ್ಮ ಸುಶ್ರುತ ಸಂಹಿತೆಯಲ್ಲಿಯೇ ಅದರ ವರ್ಣನೆಯಿದೆ. ಸೂಜಿಯಂಥ ಸಲಕರಣೆಯನ್ನು ಕಣ್ಣಿಗೆ ಚುಚ್ಚಿ, ಮಸುಕನ್ನು ಪಾಪೆಯ ದಾರಿಯಿಂದ ಸರಿಸುತ್ತಿದ್ದರು. ಬೆಳಕು ಒಳಬರುತ್ತಿತ್ತು, ಆದರೆ ಮಸೂರ ಕಣ್ಣೊಳಗೇ ಉಳಿದು ಅನೇಕರಿಗೆ ಉರಿಯೂತ ತರುತ್ತಿತ್ತು. ಯುರೋಪಿನಲ್ಲೂ ಇದೇ ವಿಧಾನ ಶತಮಾನಗಳ ಕಾಲ ನಡೆಯಿತು. ಪ್ರಸಿದ್ಧ ಸಂಗೀತಕಾರ ಬಾಖ್‌ಗೆ 1750ರಲ್ಲಿ ಜಾನ್ ಟೇಲರ್ ಎಂಬಾತ ಎರಡು ಬಾರಿ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿದ. ದೃಷ್ಟಿ ಮರಳಲಿಲ್ಲ, ಅದೇ ಜುಲೈನಲ್ಲಿ ಬಾಖ್ ತೀರಿಕೊಂಡ.

ಮಸೂರವನ್ನು ಸರಿಸುವ ಬದಲು ಹೊರತೆಗೆಯುವ ಕ್ರಮವನ್ನು 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಆರಂಭಿಸಿದ. ಕಣ್ಣನ್ನು ಮರಗಟ್ಟಿಸುವ ಔಷಧಿ ಬಂದದ್ದು 1884ರಲ್ಲಿ, ವಿಯೆನ್ನಾದ ಕಾರ್ಲ್ ಕೋಲರ್ ಅವರಿಂದ. ಆಗಲೂ ಗಾಯ ದೊಡ್ಡದು, ನವಿರಾದ ಹೊಲಿಗೆಯಿಲ್ಲ. ಆದ್ದರಿಂದಲೇ ಅಲುಗಾಡದೆ ಮಲಗುವ ಶಿಕ್ಷೆ. ಗಟ್ಟಿಯಾದ ಮಸೂರವನ್ನು ಪೂರ್ತಿಯಾಗಿ ತೆಗೆಯುವುದು ಸುಲಭವಾದ್ದರಿಂದ 'ಹಣ್ಣಾಗಲಿ' ಎಂಬ ಸಲಹೆ. ಕಣ್ಣಲ್ಲಿ ಮಸೂರವೇ ಇಲ್ಲವಾದ್ದರಿಂದ ದಪ್ಪ ಕನ್ನಡಕ. ನಮ್ಮ ಬೀಳಗಿಯ ಡಾ. ಎಂ.ಸಿ. ಮೋದಿ ಅವರು ಊರೂರಿಗೆ ಹೋಗಿ ನೇತ್ರ ಶಿಬಿರ ನಡೆಸಿ ಅಸಂಖ್ಯಾತ ಬಡವರಿಗೆ ಬೆಳಕು ಕೊಟ್ಟರು. ಅಂದಿನ ಶಿಬಿರಗಳಲ್ಲಿ ದೃಷ್ಟಿ ಪಡೆದವರು ಇಂಥ ಕನ್ನಡಕ ಧರಿಸಿಯೇ ಮನೆಗೆ ಮರಳುತ್ತಿದ್ದರು.

ಈ ಕೊರತೆ ನೀಗಿಸಿದವರು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ವಿಮಾನ ಚಾಲಕರ ಕಣ್ಣಿನಲ್ಲಿ ವಿಮಾನದ ಪ್ಲಾಸ್ಟಿಕ್ ಚೂರುಗಳು ತೊಂದರೆ ಕೊಡದೆ ಉಳಿದಿದ್ದವು. ಅದನ್ನು ಗಮನಿಸಿದ ರಿಡ್ಲಿ, ಅಂಥದೇ ವಸ್ತುವಿನ ಕೃತಕ ಮಸೂರವನ್ನು 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಯ ಕಣ್ಣಿಗೆ ಅಳವಡಿಸಿದರು. ಅನೇಕ ವೈದ್ಯರು ವರ್ಷಗಟ್ಟಲೆ ವಿರೋಧಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ದಂತವೈದ್ಯರ ಸಲಕರಣೆಯಿಂದ ಸ್ಫೂರ್ತಿ ಪಡೆದು, ಶ್ರವಣಾತೀತ ಕಂಪನದಿಂದ ಮಸೂರವನ್ನು ಪುಡಿಮಾಡಿ ಹೀರುವ ವಿಧಾನ ಬಳಕೆಗೆ ತಂದರು. ಮಧುರೆಯ ಅರವಿಂದ್ ಸಂಸ್ಥೆ 1992ರಲ್ಲಿ ಸ್ಥಾಪಿಸಿದ ಆರೋಲ್ಯಾಬ್, ಕೃತಕ ಮಸೂರವನ್ನು ಬಡವರ ಕೈಗೆಟುಕುವ ಬೆಲೆಗೆ ತಂದಿತು.

ಹಾಗಾದರೆ ಇಂದು ಏನಾಗುತ್ತದೆ? ಹನಿ ಅಥವಾ ಚುಚ್ಚುಮದ್ದಿನಿಂದ ಕಣ್ಣನ್ನು ಮರಗಟ್ಟಿಸುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಬಹುತೇಕರು ಅಂದೇ ಮನೆಗೆ ಹೋಗುತ್ತಾರೆ. ಕೆಲವು ವಾರ ಔಷಧಿ ಹನಿ ಹಾಕಬೇಕು, ಕಣ್ಣು ಉಜ್ಜಬಾರದು. ಓದಲು ಕನ್ನಡಕ ಬೇಕಾಗಬಹುದು. ನೋವು, ಕೆಂಪು ಹೆಚ್ಚಾದರೆ ಅಥವಾ ದೃಷ್ಟಿ ಕುಂದಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅಕ್ಷಿಪಟಲದ ಅಥವಾ ನರದ ಕಾಯಿಲೆಯಿದ್ದರೆ ದೃಷ್ಟಿ ಪೂರ್ತಿ ಮರಳದಿರಬಹುದು. ಪೊರೆ ಹಣ್ಣಾಗುವವರೆಗೆ ಕಾಯಬೇಕಾಗಿಲ್ಲ. ಅತಿಯಾಗಿ ಹಣ್ಣಾದರೆ ಕಣ್ಣಿನ ಒತ್ತಡ ಏರಿ ಅಪಾಯವೂ ಆದೀತು. ಪೊರೆಯನ್ನು ಕರಗಿಸುವ ಹನಿಯೆಂದು ಯಾರಾದರೂ ಮಾರಿದರೆ ನಂಬಬೇಡಿ.

ನಿಮ್ಮ ಮನೆಯಲ್ಲಿ ಅಜ್ಜಿಯೋ ತಾತನೋ ಅಳುಕುತ್ತಿದ್ದರೆ ನಗಬೇಡಿ. 'ನೀವು ಕಂಡದ್ದು ನಿಜ, ಆದರೆ ಆಮೇಲೆ ಹೀಗೆಲ್ಲ ಬದಲಾಯಿತು' ಎಂದು ಈ ಚರಿತ್ರೆಯನ್ನು ಹೇಳಿ. ಆಮೇಲೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.